ಹನ್ನೆರಡು ಸೊಳ್ಳೆಗಳ ಸಂಜೆ

ನನ್ನ ಚರ್ಮಕ್ಕೆ ಕಿವಿ ಇದೆಯೆಂದು ಮನೆಯವರೆಲ್ಲ ಚೇಷ್ಟೆ ಮಾಡುತ್ತಿದ್ದರು. ಸೊಳ್ಳೆ ಬಂದು ಕೂತದ್ದು, ಸೂಜಿ ಇಳಿಸಿದ್ದು ನನಗೆ ಆ ಕ್ಷಣಕ್ಕೇ ಗೊತ್ತಾಗುತ್ತಿತ್ತು. ಕಿಟಾರನೆ ಚೀರಿ ಪಟಪಟ ಹೊಡೆದುಕೊಳ್ಳುತ್ತಿದ್ದೆ. ಪಕ್ಕದಲ್ಲೇ ಎಮ್ಮೆ ಹಿಂಡುತ್ತಿದ್ದ ಆಯಿಯ, ಅಂದರೆ ಅಪ್ಪನ ಅವ್ವನ, ತೋಳಿನ ಮೇಲೆ ಮೂರು ಸೊಳ್ಳೆ ಹೊಟ್ಟೆ ತುಂಬ ಉಂಡು ಏಳಲಾರದೆ ಕೂತಿದ್ದರೂ ಆಕೆಗೆ ಪತ್ತೆಯೇ ಇರುತ್ತಿರಲಿಲ್ಲ.

“ಮದುವಿಗೆ ಬಂದ ಹುಡುಗಿ, ನಿನಗ ಕೈಯಾಗ ಕೆಲಸ ಇಲ್ಲ, ಅದಕ್ಕ ತಿಳೀತದ” ಅನ್ನುತ್ತಿದ್ದಳು. ನಾನು ಸೆಗಣಿ ಬಾಚುವುದು ಆಕೆಯ ಲೆಕ್ಕದಲ್ಲಿ ಕೆಲಸವಲ್ಲ!

ಚಂದ್ರಂಪಳ್ಳಿ ಕೆರೆಯಲ್ಲಿ ನೀರು ನಿಂತ ಹೊಸತರಲ್ಲಿ ನಮ್ಮೂರಿಗೆ ಮಲೇರಿಯಾ ಇಲಾಖೆಯವರು ಬಂದರು. ಅವರಲ್ಲಿ ಒಬ್ಬ ಚಿತ್ತಾಪುರದವನು, ಟೆಂಪರರಿ ನೌಕರಿ. ಅವನ ಕೆಲಸ ಪರೀಕ್ಷೆಗೆಂದು ಸೊಳ್ಳೆ ಹಿಡಿಯುವುದು. ಸಂಜೆ ನಮ್ಮ ಕೊಟ್ಟಿಗೆಯಲ್ಲಿ ಪ್ಯಾಂಟು ಮೊಣಕಾಲಿಗೆ ಮಡಚಿ, ಕಾಲು ಚಾಚಿ ಕೂಡುತ್ತಿದ್ದ. ಕೈಯಲ್ಲಿ ಗಾಜಿನ ನಳಿಗೆ, ಅದರ ಹಿಂದೆ ರಬ್ಬರ್ ಪೈಪು. ಕಾಲ ಮೇಲೆ ಸೊಳ್ಳೆ ಕೂತೊಡನೆ ನಳಿಗೆಯ ಬಾಯಿ ಅದರ ಮೇಲಿಟ್ಟು, ಪೈಪಿನಿಂದ ಉಸಿರೆಳೆದರೆ ಸೊಳ್ಳೆ ಗಾಜಿನೊಳಗೆ! ನಡುವೆ ಬಲೆಯ ಚೂರು ಇದ್ದದ್ದರಿಂದ ಬಾಯಿಗೆ ಹೋಗುತ್ತಿರಲಿಲ್ಲ. ಹೋಗುತ್ತದೆಂದು ಊರವರು ನಂಬಿದ್ದರು, ಅವನಿಗೆ ಯಾರೂ ತಮ್ಮ ಲೋಟದಲ್ಲಿ ಚಹಾ ಕೊಡುತ್ತಿರಲಿಲ್ಲ.

“ಸೊಳ್ಳಿ ಕಡಿದದ್ದು ಒಮ್ಮೊಮ್ಮೆ ತಿಳೀತದ, ಒಮ್ಮೊಮ್ಮೆ ಇಲ್ಲ. ಯಾಕ ತಮ್ಮಾ?” ಎಂದು ಆಯಿ ಒಮ್ಮೆ ಕೇಳಿದಳು.

“ಅದರ ಸೂಜಿ ಭಾಳ ಸಣ್ಣದರಿ ಆಯಿ. ನರಕ್ಕ ತಾಗಿದ್ರ ಚುರ್ ಅಂತದ. ಇಲ್ಲಂದ್ರ ನಮ್ಮ ಮನಸ್ಸು ಅಲ್ಲೇ ಇರಬೇಕು, ಬ್ಯಾರೆ ಕಡಿ ಇದ್ರ ತಿಳಿಯಂಗಿಲ್ಲ.”

ನಾನು ಎಮ್ಮೆಯ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. ಆ ಎಮ್ಮೆಯ ಮರೆಯಲ್ಲಿ ನನಗೆ ಆ ದಿನಗಳಲ್ಲಿ ಬಹಳ ಕೆಲಸವಿರುತ್ತಿತ್ತು.

ಒಂದು ದಿನ ಅವನು ಮುಖ ಸಣ್ಣದು ಮಾಡಿಕೊಂಡು ಬಂದ. ಸಂಜೆ ಚಿಂಚೋಳಿಯಿಂದ ದೊಡ್ಡ ಸಾಹೇಬರು ಜೀಪಿನಲ್ಲಿ ಬರುವವರಿದ್ದರು. ನಳಿಗೆಯಲ್ಲಿ ಹನ್ನೆರಡಾದರೂ ಸೊಳ್ಳೆ ಇದ್ದರೆ ನೌಕರಿ ಉಳಿಯುತ್ತದೆ, ಇಲ್ಲದಿದ್ದರೆ ನಾಳೆ ಗಂಟುಮೂಟೆ ಕಟ್ಟಿ ಚಿತ್ತಾಪುರ. ಅವನು ಹೋಗುವುದು ನನಗೆ ಬೇಡವಾಗಿತ್ತು. ಅದನ್ನು ಯಾರಿಗೆ ಹೇಳಲಿ?

ಆಯಿಗೆ ಕೇಳಿಸಿದ್ದು ಸಾಹೇಬರು ಬರುತ್ತಾರೆ ಎಂಬುದಷ್ಟೆ. ಕೊಟ್ಟಿಗೆ ಗುಡಿಸಿದಳು, ನೀರು ಚಿಮುಕಿಸಿದಳು, ಆಮೇಲೆ ಗಡಿಗೆಯ ಕುಳ್ಳಿನ ಕೆಂಡದ ಮೇಲೆ ಬೇವಿನ ತೊಪ್ಪಲು ಸುರಿದು ದಿನಕ್ಕಿಂತ ಮೂರು ಪಟ್ಟು ಹೊಗೆ ಹಾಕಿದಳು. “ದೊಡ್ಡವರು ಬರ್ತಾರ, ಒಂದು ಸೊಳ್ಳಿ ಸುಳೀಬಾರದು!”

ಅವನು ಒಳಗೆ ಬರಿಗಾಲು ಚಾಚಿಕೊಂಡು ಕೆಮ್ಮುತ್ತ, ಕಣ್ಣಲ್ಲಿ ನೀರು ಸುರಿಸುತ್ತ ಕೂತಿದ್ದ. ಅಷ್ಟು ಪ್ರೀತಿಯಿಂದ ಹಾಕಿದ ಹೊಗೆಯನ್ನು ಬೇಡವೆನ್ನಲು ಅವನಿಗೆ ಬಾಯಿ ಬರಲಿಲ್ಲ. ನಳಿಗೆಯಲ್ಲಿ ಒಂದೇ ಒಂದು ಸೊಳ್ಳೆ, ಅದೂ ಸತ್ತಹಾಗಿತ್ತು.

ಕೊಟ್ಟಿಗೆಯ ಸೊಳ್ಳೆಗಳೆಲ್ಲ ಹಿತ್ತಲಿನ ಬಣವೆಗೆ ಓಡಿ ಬಂದಿದ್ದವು. ಅಲ್ಲಿ ನಾನಿದ್ದೆ. ಮೊಣಕೈ ಹತ್ತಿರ ಒಂದು ಕೂತಿತು. ಹೊಡೆಯಲು ಎತ್ತಿದ ಕೈ ಹಾಗೇ ನಿಂತಿತು.

“ಲಗೂನ ಬರ್ರಿ, ಇಲ್ಲಿ ಕೂತದ!” ಎಂದು ಕೂಗಿದೆ.

ಓಡಿ ಬಂದ. ನಳಿಗೆ ತೋಳಿಗೆ ತಣ್ಣಗೆ ತಾಗಿತು. ಎರಡಾಯಿತು. ಮುಂಗೈ ಮೇಲೊಂದು, ಮೂರು. “ಇಲ್ಲೊಂದು! ಇಲ್ಲಿ, ಕುತ್ತಿಗಿ ಮ್ಯಾಲ!” ಅವನು ನಾಚಿ, ಮುಖ ಆಕಾಶಕ್ಕೆ ತಿರುಗಿಸಿ ನಳಿಗೆಯನ್ನಷ್ಟೆ ನನ್ನತ್ತ ಚಾಚಿದ. ಆಕಾಶ ನೋಡಿದರೆ ಸೊಳ್ಳೆ ಸಿಕ್ಕೀತೆ? ನನ್ನ ಕಿವಿಗೆ ಚುಚ್ಚಿದ. ನನಗೆ ನಗೆ ತಡೆಯಲಾಗಲಿಲ್ಲ, ಅವನೂ ಪೈಪು ಬಾಯಲ್ಲಿರುವಾಗಲೇ ಫಕ್ಕನೆ ನಕ್ಕ, ಆ ಗಾಳಿಗೆ ಹಿಡಿದಿದ್ದ ಎರಡು ಸೊಳ್ಳೆ ಹೊರಗೆ ಹಾರಿಹೋದವು.

“ನಗಿಸಬ್ಯಾಡ್ರಿ, ನೌಕರಿ ಹೋಗ್ತದ!”

“ನಾ ಎಲ್ಲಿ ನಗಿಸೀನಿ?” ಎಂದು ಹೊಟ್ಟೆ ಹಿಡಿದುಕೊಂಡೆ. ಮತ್ತೆ ಒಂದೊಂದಾಗಿ ಹಿಡಿದು, ಜೀಪಿನ ಹಾರ್ನ್ ಕೇಳಿದಾಗ ನಳಿಗೆಯಲ್ಲಿ ಹನ್ನೊಂದಾಗಿತ್ತು. ಹನ್ನೆರಡನೆಯದು ನನ್ನ ಗಲ್ಲದ ಮೇಲೆ ಕೂತಿತು. ಈ ಸಲ ಅವನು ಆಕಾಶ ನೋಡಲಿಲ್ಲ. ನಾನೂ ನೋಡಲಿಲ್ಲ. ಬಣವೆಯ ಮಗ್ಗುಲಲ್ಲಿ ಹೊಗೆಯ ಗಡಿಗೆ ಹಿಡಿದು ಆಯಿ ನಿಂತಿದ್ದಳು.

ಸಾಹೇಬರು ಎಣಿಸಿದರು, ಶಭಾಷ್ ಎಂದರು, ಹೋದರು. ಸೊಳ್ಳೆ ಒಪ್ಪಿಸಲು ಅವನೂ ಅದೇ ಜೀಪಿನಲ್ಲಿ ಚಿಂಚೋಳಿಗೆ ಹೋದ. ಆಯಿ ನನ್ನನ್ನು ಕಟ್ಟೆಗೆ ಕೂಡಿಸಿ, ಕಂದೀಲು ತಂದು ಎದುರಿಗೆ ಕೂತಳು. ಬೈಗುಳ ಬರುತ್ತದೆಂದು ತಲೆ ತಗ್ಗಿಸಿದೆ. ಆಕೆ ನನ್ನ ಲಂಗದ ಅಂಚು ತುಸು ಸರಿಸಿ ಕಾಲಿಗೆ ಬೆಳಕು ಹಿಡಿದಳು. ಎರಡೂ ಕಾಲಿಗೆ ಹಿಮ್ಮಡಿಯಿಂದ ಮೀನಖಂಡದವರೆಗೆ ಕೆಂಪು ದದ್ದುಗಳು, ಒಂದರ ಪಕ್ಕ ಒಂದು.

“ಇವು ಯಾವಾಗ ಕಡದಾವ?”

ನನಗೆ ಗೊತ್ತಿರಲಿಲ್ಲ. ದೇವರಾಣೆ ಒಂದೂ ಗೊತ್ತಾಗಿರಲಿಲ್ಲ.

ಆಯಿ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಪಡಸಾಲೆಯ ಕಡೆ ತಿರುಗಿ ಅಪ್ಪನನ್ನು ಕೂಗಿದಳು: “ಏ, ಆ ಚಿತ್ತಾಪುರದವ ಯಾರ ಮನಿ ಮಗ, ನಾಳಿ ಹೋಗಿ ಕೇಳ್ಕೊಂಡು ಬಾ.”