ಮಗಳ ಇಂಟರ್ ಸೀಟು ಮತ್ತು ನನ್ನ ಸಾಕ್ಷ್ಯಚಿತ್ರಗಳು

ನಾನು ಧಾರವಾಡದ ಕಡೆಯವನು, ಬ್ಯಾಂಕಿನ ಅಧಿಕಾರಿ. ಆಂಧ್ರಕ್ಕೆ ವರ್ಗವಾಗಿ ಬಂದು ಒಂಬತ್ತು ವರ್ಷವಾಯಿತು. ಮೊದಲು ವಿಶಾಖಪಟ್ಟಣ, ಆಮೇಲೆ ವಿಜಯವಾಡ. ಹೆಂಡತಿಗೆ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ, ಮಗಳು ಹತ್ತನೇ ಕ್ಲಾಸು. ಇಬ್ಬರನ್ನೂ ವಿಶಾಖಪಟ್ಟಣದ ಮಧುರವಾಡದಲ್ಲೇ ಬಿಟ್ಟು ನಾನೊಬ್ಬ ವಿಜಯವಾಡದ ಭವಾನಿಪುರಂನಲ್ಲಿ ಒಂದು ಕೋಣೆ ಹಿಡಿದೆ. ಊರು ಬಿಟ್ಟ ಒಂಟಿ ಗಂಡಸು ಕೆಡಲು ನೂರು ದಾರಿ ಇವೆಯಂತೆ. ನಾನು ಕೆಟ್ಟಿದ್ದು ಸಾಕ್ಷ್ಯಚಿತ್ರ ನೋಡಿ.

ಸಂಜೆ ಬ್ರಾಂಚಿನಿಂದ ಬಂದು ಕುಕ್ಕರಿಟ್ಟು, ಫೋನನ್ನು ನೀರಿನ ಚೊಂಬಿಗೆ ಆನಿಸಿ ಕೂತೆನೆಂದರೆ ಮುಗಿಯಿತು. ಮನುಷ್ಯನ ಮನಸ್ಸು ಹೇಗೆ ಮೋಸಹೋಗುತ್ತದೆ, ಜಾಹೀರಾತು ನಮ್ಮನ್ನು ಹೇಗೆ ಕುಣಿಸುತ್ತದೆ, ಸುದ್ದಿಯವರು ಭಯವನ್ನು ಹೇಗೆ ಮಾರುತ್ತಾರೆ ಎಂಬುದೆಲ್ಲ ತಿಳಿಯಿತು. ಎರಡೇ ತಿಂಗಳಲ್ಲಿ ನಾನು ಪಂಡಿತನಾಗಿಬಿಟ್ಟೆ. ಮೊದಲೇ ಮಂಗ, ಮೇಲೆ ಹೆಂಡ ಕುಡಿಸಿದ ಹಾಗಾಯಿತು. ಒಮ್ಮೆ ಮಧುರವಾಡದ ಮನೆಗೆ ಹೋದಾಗ ಹೆಂಡತಿ ಸಹಜವಾಗಿ, “ಸಾರು ಹೆಂಗ ಆಗೇದ್ರೀ?” ಎಂದು ಕೇಳಿದಳು. “ನೋಡು, ನೀನು ಕೇಳೋ ರೀತಿಯೊಳಗ ಉತ್ತರ ಅಡಗಿರ್ತದ” ಎಂದೆ. “ಹಂಗಾರ ನಾಳೆಯಿಂದ ನೀವ ಮಾಡ್ರಿ, ನೀವ ಉತ್ತರ ಹೇಳ್ಕೋರಿ” ಎಂದು ಎದ್ದು ಹೋದಳು.

ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಆ ವಾರ ರೈಲು ಹತ್ತಿ ಮಧುರವಾಡಕ್ಕೆ ಹೋಗುತ್ತಿದ್ದೆ. ಭಾನುವಾರ ತಿಂಡಿಯಾದ ಮೇಲೆ ನಮ್ಮ ಹಾಲಿನಲ್ಲಿ ಪ್ರದರ್ಶನ. ನನ್ನ ಫೋನಿನ ಪರದೆಯನ್ನು ಟಿವಿಗೆ ಕೂಡಿಸುವುದು, ನಡುನಡುವೆ ನಿಲ್ಲಿಸಿ ನಾನು ವಿವರಿಸುವುದು, ಕೊನೆಗೆ ಚರ್ಚೆ. ಪ್ರೇಕ್ಷಕರು ಇಬ್ಬರೇ, ಅವರಲ್ಲೊಬ್ಬಳು ಅವರೆಕಾಯಿ ಸುಲಿಯುತ್ತಿದ್ದಳು. ಮಗಳು ಮಾತ್ರ ಕಾಲು ಮಡಚಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅದೆಲ್ಲ ನನ್ನ ವಿವರಣೆಯ ಮಹಿಮೆ ಎಂದುಕೊಂಡಿದ್ದೆ.

ಇಲ್ಲಿ ಹತ್ತನೇ ಕ್ಲಾಸು ಮುಗಿಸಿದ ಮಕ್ಕಳು ಓದುವ ಮುಂದಿನ ಎರಡು ವರ್ಷಕ್ಕೆ ಇಂಟರ್ ಎನ್ನುತ್ತಾರೆ. ವಿಜಯವಾಡವಂತೂ ಇಂಟರ್ ಕಾಲೇಜುಗಳ ಊರು. ಗಣಿತ, ಭೌತ, ರಸಾಯನ ಹಿಡಿದು ಹಾಸ್ಟೆಲಿಗೆ ಸೇರಿದರೆ ಬೆಳಗಾಗುವುದಕ್ಕೆ ಮೊದಲೇ ಓದು ಶುರು. ಹತ್ತರ ಪರೀಕ್ಷೆಗೆ ಇನ್ನೂ ಆರು ತಿಂಗಳಿರುವಾಗಲೇ ಅಪ್ಪಂದಿರು ಸೀಟು ಹಿಡಿದಿಡುತ್ತಾರೆ. ನಾನಿದನ್ನೆಲ್ಲ ಹುಚ್ಚು ಎಂದು ನಗುತ್ತಿದ್ದವನೇ.

ಒಂದು ವಾರ ನಾನು ನೋಡಿದ ಚಿತ್ರದಲ್ಲಿ ಒಂದು ಕಾಯುವ ಕೋಣೆ. ಗಂಟೆ ಬಾರಿಸಿದಾಗಲೆಲ್ಲ ಅಲ್ಲಿದ್ದವರು ಎದ್ದು ನಿಂತು ಮತ್ತೆ ಕೂರುತ್ತಾರೆ. ಹೊಸದಾಗಿ ಬಂದವನೊಬ್ಬ ಅತ್ತಿತ್ತ ನೋಡಿ, ಮೂರನೇ ಗಂಟೆಗೆ ತಾನೂ ಎದ್ದು ನಿಲ್ಲುತ್ತಾನೆ. ಯಾಕೆಂದು ಅವನಿಗೂ ಗೊತ್ತಿಲ್ಲ. ಮಂಗಳವಾರ ಬ್ರಾಂಚಿನಲ್ಲಿ ಡಬ್ಬಿ ಬಿಚ್ಚಿದಾಗ ಇದನ್ನು ನನ್ನ ಹರಕುಮುರುಕು ತೆಲುಗಿನಲ್ಲಿ ಸಹೋದ್ಯೋಗಿಗಳಿಗೆ ಹೇಳಿ, “ಕುರಿಗಳು ಸಾರ್, ಮನುಷ್ಯರು ಬರೀ ಕುರಿಗಳು” ಎಂದು ನಕ್ಕೆ. ಅವರೂ ನಕ್ಕರು. ಆಮೇಲೆ ಒಬ್ಬರು ಮೊಸರನ್ನ ಕಲಸುತ್ತ, “ಮೀ ಅಮ್ಮಾಯಿಕಿ ಇಂಟರ್ ಸೀಟು ಇಂಕಾ ಬುಕ್ ಚೇಯಲೇದಾ ಸಾರ್?” ಎಂದರು. ಮಗಳಿಗೆ ಇನ್ನೂ ಸೀಟು ಹಿಡಿದಿಲ್ಲವೇ ಎಂದು. ಇಲ್ಲ ಎಂದೆ. ಟೇಬಲ್ಲಿನ ಸುತ್ತ ಇದ್ದವರೆಲ್ಲ ಊಟ ನಿಲ್ಲಿಸಿ, ಮನೆಯಲ್ಲಿ ಸಾವಾದವರನ್ನು ನೋಡುವ ಹಾಗೆ ನನ್ನನ್ನು ನೋಡಿದರು.

ಗುರುವಾರ ಮೂವರು ಸಹೋದ್ಯೋಗಿಗಳು ಒಂದು ತಾಸಿನ ಪರ್ಮಿಶನ್ ಹಾಕಿ, ತಮ್ಮ ಮಕ್ಕಳ ಸೀಟಿಗಾಗಿ ಇಂಟರ್ ಕಾಲೇಜೊಂದಕ್ಕೆ ಹೊರಟರು. ಕಾರಿನಲ್ಲಿ ಒಂದು ಜಾಗ ಖಾಲಿ ಇತ್ತು. ಹತ್ತಿದೆ. ಅವರು ಸಾಲಿನಲ್ಲಿ ನಿಂತರು, ನಿಂತೆ. ಫಾರಂ ತುಂಬಿದರು, ತುಂಬಿದೆ. ಹಾಸ್ಟೆಲ್ ಬೇಕೇ ಎಂದಿದ್ದ ಕಡೆ ಪಕ್ಕದವರ ಫಾರಂ ನೋಡಿಕೊಂಡು ಟಿಕ್ ಹಾಕಿದೆ. ದೇವರಾಣೆಗೂ ನನಗೆ ಆ ಗಂಟೆ, ಆ ಕೋಣೆ ಒಂದೂ ನೆನಪಾಗಲಿಲ್ಲ. ವಾಪಸು ಬರುವಾಗ ಎದೆ ಹಗುರಾಗಿತ್ತು, ದಾರಿಯಲ್ಲಿ ಎಲ್ಲರೂ ಚಹಾ ಕುಡಿದೆವು.

ಭಾನುವಾರ ಮಧುರವಾಡದ ಹಾಲಿನಲ್ಲಿ ಅದೇ ಚಿತ್ರ ಹಾಕಿದೆ. ಹೊಸಬ ಮೂರನೇ ಗಂಟೆಗೆ ಕುರ್ಚಿಯಿಂದ ಏಳುತ್ತಿದ್ದ. ನಾನು ಚಿತ್ರ ನಿಲ್ಲಿಸಿ, ಟಿವಿಗೆ ಬೆನ್ನು ಮಾಡಿ ನಿಂತು, “ಈಗ ಹೇಳ್ರಿ, ಇವ ಯಾಕ ಎದ್ದ?” ಎಂದೆ. ಇಬ್ಬರೂ ನನ್ನನ್ನು ನೋಡುತ್ತಿರಲಿಲ್ಲ. ತಿರುಗಿ ನೋಡಿದರೆ, ಎದ್ದು ನಿಂತವನ ಹಣೆಯ ಮೇಲೆ ನನ್ನ ಫೋನಿಗೆ ಬಂದ ಮೆಸೇಜು ದೊಡ್ಡದಾಗಿ ಕಾಣುತ್ತಿತ್ತು. ಅಭಿನಂದನೆಗಳು, ನಿಮ್ಮ ಮಗಳಿಗೆ ವಿಜಯವಾಡದ ನಮ್ಮ ಹಾಸ್ಟೆಲಿನಲ್ಲಿ ಸೀಟು ಖಾತ್ರಿಯಾಗಿದೆ ಎಂದು. ಜೊತೆಗೆ ಮಗಳ ಪೂರ್ತಿ ಹೆಸರು.

ಅವರೆಕಾಯಿಯ ಬುಟ್ಟಿ ಕೆಳಗಿಟ್ಟು ಹೆಂಡತಿ, “ನನಗೂ ಒಂದ ಮಾತ ಹೇಳ್ಲಿಲ್ಲಲ್ರೀ” ಎಂದಳು. “ಹೇಳೂದು ಆಚಾರ, ತಿನ್ನೂದು ಬದನಿಕಾಯಿ!”

ಮಗಳು ಟಿವಿಯ ಮೇಲಿನ ತನ್ನ ಹೆಸರನ್ನು ಎರಡು ಸಲ ಓದಿದಳು. ಆಮೇಲೆ, “ಅಪ್ಪಾ, ಬುಧವಾರ ಫೋನಿನ್ಯಾಗ ನಾ ನಿನಗ ಏನ್ ಹೇಳಿದ್ದೆ?” ಎಂದಳು.

ಬುಧವಾರ ಅವಳು ಫೋನು ಮಾಡಿದ್ದು ನಿಜ. ಚೊಂಬಿಗೆ ಆನಿಸಿದ ಫೋನಿನಲ್ಲಿ ಚಿತ್ರದ ಸದ್ದಡಗಿಸಿ, ಕೆಳಗೆ ಬರುವ ಅಕ್ಷರ ಓದುತ್ತ ನೋಡುತ್ತಲೇ ಇದ್ದೆ. ಸ್ಪೀಕರಿನಲ್ಲಿ ಅವಳು ಮಾತಾಡುತ್ತಿದ್ದಳು, ನಾನು ಹ್ಞೂಂಗುಟ್ಟುತ್ತಿದ್ದೆ. ಚಿತ್ರದ ವಿಷಯ, ಹೇಳಲೂ ನಾಚಿಕೆ, ಈಗಿನವರು ಎದುರಿನವರ ಮಾತಿಗೆ ಯಾಕೆ ಕಿವಿ ಕೊಡುವುದಿಲ್ಲ ಎಂಬುದು.

“ನಾ ಆರ್ಟ್ಸ್ ತೊಗೋತೀನಿ, ಇಲ್ಲೇ ಮನಿಯಿಂದ ಹೋಗ್ತೀನಿ, ಮುಂದ ಸೈಕಾಲಜಿ ಓದ್ತೀನಿ ಅಂದೆ. ನೀ ತೋರಿಸಿದ್ದೆಲ್ಲಾ ನೋಡೇ ನನಗ ಆಸೆ ಹುಟ್ಟಿದ್ದು ಅಂದೆ. ನೀ ‘ಭಾಳ ಛಲೋ’ ಅಂದಿ. ನಾ ಇಡೀ ಕ್ಲಾಸಿಗೆ ಹೇಳ್ಕೊಂಡು ಬಂದೆ, ನಮ್ಮಪ್ಪ ಒಪ್ಪಿದಾ ಅಂತ.” ಅಳು ಬಂದರೆ ಅವಳಿಗೆ ಕನ್ನಡ ಸಾಲುವುದಿಲ್ಲ. “ನೇನು ವೆಳ್ಳನು ನಾನ್ನಾ, ವೆಳ್ಳನು” ಎಂದಳು. ಹೋಗುವುದಿಲ್ಲ ಅಪ್ಪಾ, ಹೋಗುವುದಿಲ್ಲ ಎಂದು.

ಮನುಷ್ಯನ ಮನಸ್ಸಿನ ಬಗ್ಗೆ ಅಷ್ಟೆಲ್ಲ ಬಲ್ಲವನಿಗೆ ಆಗ ಏನು ಮಾಡಬೇಕೆಂದು ತಿಳಿಯಲಿಲ್ಲ. ಟಿವಿ ಆರಿಸಿದೆ. “ನಾಳೆನೇ ಹೋಗಿ ರದ್ದು ಮಾಡಿಸ್ತೀನವ್ವಾ” ಎಂದೆ. ಅವಳು ನಂಬಿದಂತೆ ಕಾಣಲಿಲ್ಲ, ನಂಬಲು ಕಾರಣವೂ ಇರಲಿಲ್ಲ.

ಸೋಮವಾರ ಸಂಜೆ ಆ ಕಾಲೇಜಿನ ಆಫೀಸಿಗೆ ಒಬ್ಬನೇ ಹೋದೆ. ಸೀಟು ಹಿಡಿಯಲು ಬಂದ ಅಪ್ಪಂದಿರ ಸಾಲು ಹೊರಗಿನವರೆಗೂ ಇತ್ತು. ರದ್ದು ಮಾಡಿಸಲು ಬಂದವನು ನಾನೊಬ್ಬನೇ. ಕೌಂಟರಿನ ಹೆಣ್ಣುಮಗಳು ಒಂದು ಫಾರಂ ಕೊಟ್ಟಳು. ಅದರಲ್ಲಿ ‘ಕಾರಣ’ ಎಂದೊಂದು ಗೆರೆ. ಹಿಂದಿನವರು ನನ್ನ ಹೆಗಲ ಮೇಲಿಂದ ಇಣುಕುತ್ತಿದ್ದರು. ನನ್ನ ಕೈ ತಾನಾಗಿ ‘ವರ್ಗಾವಣೆ’ ಎಂದು ಬರೆಯಿತು. ನಮ್ಮ ಬ್ಯಾಂಕಿನವರಿಗೆ ಇದಕ್ಕಿಂತ ಗೌರವದ ಸುಳ್ಳಿಲ್ಲ. ಮನೆ ಖಾಲಿ ಮಾಡಲಿ, ಮದುವೆ ತಪ್ಪಿಸಿಕೊಳ್ಳಲಿ, ವರ್ಗಾವಣೆ ಎಂದರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಹಿಂದಿದ್ದವರು ಓದಿ ಅಯ್ಯೋ ಪಾಪ ಎಂದರು.

ಹೊರಗೆ ಬಂದು ಮಗಳಿಗೆ ಫೋನು ಮಾಡಿದೆ. ಶಾಲೆ ಬಿಟ್ಟು ಆಗಷ್ಟೇ ಮನೆಗೆ ಬಂದಿದ್ದಳು.

“ರದ್ದಾತವ್ವಾ.”

“ಖರೇನ? ಕಾರಣ ಏನಂತ ಕೊಟ್ಟಿ?”

ಸುಳ್ಳು ಹೇಳಬಹುದಿತ್ತು. “ಟ್ರಾನ್ಸ್‌ಫರ್ ಅಂತ ಬರದೆ” ಎಂದೆ.

ಅವಳು ಸಿಟ್ಟು ಮಾಡಲಿಲ್ಲ. “ನನಗ ಬ್ಯಾಡಾಗಿತ್ತು ಅಂತ ಬರೀಲಿಕ್ಕೆ ನಿನಗ ನಾಚಿಕಿ ಬಂತೇನಪ್ಪಾ?” ಎಂದು ಮೆಲ್ಲಗೆ ಕೇಳಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲಾಗಲಿಲ್ಲ.

ಮತ್ತೆ ಒಳಗೆ ಹೋಗಿ ಫಾರಂ ವಾಪಸು ಕೇಳಿದೆ. ಕೌಂಟರಿನವಳು ಗೊಣಗುತ್ತ ಕೊಟ್ಟಳು. ‘ವರ್ಗಾವಣೆ’ಯನ್ನು ಹೊಡೆದುಹಾಕಿ, ಅದರ ಮೇಲೆ ‘ಮಗಳಿಗೆ ಇಷ್ಟವಿಲ್ಲ’ ಎಂದು ಬರೆದೆ. ಅವಳು ಅದನ್ನು ಇಡೀ ಸಾಲಿಗೆ ಕೇಳುವಂತೆ ಗಟ್ಟಿಯಾಗಿ ಓದಿ, ನನ್ನ ಮುಖ ನೋಡಿ, ಸೀಲು ಒತ್ತಿದಳು. ನನಗೆ ಕಿವಿಯವರೆಗೂ ಬಿಸಿಯೇರಿತು. ಅಲ್ಲಿಂದ ಪಾರಾದರೆ ಸಾಕೆಂದು ತಿರುಗಿದೆ.

ಸಾಲಿನಲ್ಲಿದ್ದ ಒಬ್ಬ ಅಪ್ಪ, ತುಂಬಿದ ಫಾರಂ ಎದೆಗೆ ಹಿಡಿದುಕೊಂಡಿದ್ದವನು, ನನ್ನ ತೋಳು ಮುಟ್ಟಿ ತಗ್ಗಿದ ದನಿಯಲ್ಲಿ ಕೇಳಿದ: “ಅಲಾ ಕೂಡಾ ರಾಯೊಚ್ಚಾ ಸಾರ್?”

ಹಾಗೂ ಬರೆಯಬಹುದೇ ಎಂದು. “ನನಗೂ ಈಗಲೇ ಗೊತ್ತಾಗಿದ್ದು” ಎಂದೆ.