ಆಸ್ಪತ್ರೆ ಗೋಡೆಯ ಕರಡಿ
ನಾನು ಬಿಡಿಸುತ್ತಿದ್ದ ಕರಡಿಯನ್ನೇ ದಿಟ್ಟಿಸುತ್ತ ನಿಂತಿದ್ದ ರೈತರೊಬ್ಬರು ಮುಖ ಮುಚ್ಚಿದ್ದ ಟವೆಲನ್ನು ಮೆಲ್ಲಗೆ ಸರಿಸಿದರು. ಅವರಿಗೆ ಎಡಗಣ್ಣೇ ಇರಲಿಲ್ಲ. ಹಣೆಯಿಂದ ತುಟಿಯವರೆಗೆ ಹೊಲಿಗೆಯ ಗೆರೆಗಳಿದ್ದವು.

ಹಳಿಯಾಳದ ಆಸ್ಪತ್ರೆಯೊಂದರಲ್ಲಿ, ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆಯ ಎದುರಿನ ಗೋಡೆ ಅದು. ರೋಗಿಗಳ ಮನಸ್ಸಿಗೆ ಹಿತವಾಗಲೆಂದು ಚಿತ್ರಕಲಾ ಶಿಕ್ಷಕಿಯಾದ ನಾನು ಅಲ್ಲಿ ನಮ್ಮ ಕಾಡನ್ನು ಬಿಡಿಸುತ್ತಿದ್ದೆ: ಬಿದಿರು, ಮಂಗಟ್ಟೆ ಹಕ್ಕಿ, ನಡುವೆ ನಗುಮೊಗದ ತಾಯಿ ಕರಡಿ, ಅದರ ಹಿಂದೆ ಪುಟುಪುಟು ನಡೆಯುವ ಎರಡು ಮರಿ. ಜೋಯಿಡಾ ಕಾಡಿನ ಕಡೆಯಿಂದ ಆ ಕೋಣೆಗೆ ಯಾರು ಯಾರು ಬರುತ್ತಾರೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

"ತಪ್ಪಾತ್ರೀ, ಇವತ್ತ ಅಳಿಸಿಬಿಡ್ತೇನಿ," ಎಂದೆ.

"ಅಳಸಬ್ಯಾಡ್ರಿ ಅಕ್ಕಾರ, ತಿದ್ದರಿ," ಎಂದರು ಅವರು. "ಇಷ್ಟ ಸಣ್ಣ ಮರಿ ಹಿಂದ ನಡಿಯಂಗಿಲ್ಲ, ತಾಯಿ ಬೆನ್ನ ಮ್ಯಾಲ ಕುಂತಿರತಾವ. ಕಾಡಿನ್ಯಾಗ ಕವಳಿಹಣ್ಣ ಹರೀತಿದ್ದೆ. ತಾಯಿ ಬೆನ್ನ ಮ್ಯಾಲಿಂದ ಒಂದು ಮರಿ ನನ್ನ ನೋಡಿ ಅಂಜಿ ಚೀರಿತು. ಈ ಕಣ್ಣು ಕಡೀಕ ನೋಡಿದ್ದು ಆ ಮರೀನ."

ಅವರು ಟವೆಲ್ ಮುಚ್ಚಿಕೊಂಡು ಒಳಗೆ ಹೋದರು.

ತಾಯಿಯ ನಗುವನ್ನು ಅಳಿಸಿದ್ದೇನೆ, ಮರಿಗಳನ್ನು ಬೆನ್ನಿಗೆ ಏರಿಸಿದ್ದೇನೆ. ಆದರೆ ಆ ಮರಿಗಳಿಗೆ ಕಣ್ಣು ಬರೆಯಲು ಮಾತ್ರ ಇನ್ನೂ ಕೈ ಏಳುತ್ತಿಲ್ಲ.