ಗ್ಲೆನಿಸ್ ಕೊಟ್ಟ ಒಂದು ಅಂಕ

ವೈದ್ಯರ ನೋಂದಣಿ ನೋಡಿಕೊಳ್ಳುವ ನಮ್ಮ ಮ್ಯಾಂಚೆಸ್ಟರ್ ಕಚೇರಿಗೆ ಕುರ್ಚಿಯಿಂದ ಹಿಡಿದು ವಕೀಲರವರೆಗೆ ಎಲ್ಲವನ್ನೂ ಟೆಂಡರ್ ಕರೆದು ಗೊತ್ತುಮಾಡುತ್ತಿದ್ದವಳು ಗ್ಲೆನಿಸ್ ಒಲೆರೆನ್‌ಶಾ. ಕಾನೂನು ಓದಿದವಳಲ್ಲ. ಆದರೂ ವಕೀಲರನ್ನು ಅಳೆಯುವುದರಲ್ಲಿ ನಮ್ಮ ಮೇಲಧಿಕಾರಿಗಳು ಅವಳ ಹತ್ತಿರಕ್ಕೂ ಬರುತ್ತಿರಲಿಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ.

ವೈದ್ಯರೊಬ್ಬರ ಮೇಲೆ ದೂರು ಬಂದರೆ ವಿಚಾರಣೆ ಮುಗಿಯಲು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ರೋಗಿಗಳಿಗೆ ತೊಂದರೆಯಾಗದಿರಲೆಂದು ಅವರ ನೋಂದಣಿಗೆ ತಾತ್ಕಾಲಿಕ ನಿರ್ಬಂಧವನ್ನು ನ್ಯಾಯಮಂಡಳಿಯ ಮುಂದೆ ಕೇಳುವುದು ನಮ್ಮ ವಕೀಲರ ಕೆಲಸ. ತಪ್ಪು ಮಾಡಿದರೋ ಇಲ್ಲವೋ ಎಂಬ ಮಾತು ಅಲ್ಲಿ ಬರುವುದೇ ಇಲ್ಲ. ಅಪಾಯ ಎಷ್ಟು, ಎಷ್ಟು ಕಡಿವಾಣ ಸಾಕು ಎಂಬುದಷ್ಟೇ. ಹಿಂದಿನ ಟೆಂಡರಿನಲ್ಲಿ ಆರಿಸಿದ್ದ ವಕೀಲರು ಅದನ್ನು ಮರೆತು, ಪೆನ್ರಿತ್ ಎಂಬ ಮಕ್ಕಳ ವೈದ್ಯರನ್ನು ಅಪರಾಧಿಯೆಂದೇ ಸಾಧಿಸಿ ಪೂರ್ತಿ ಅಮಾನತು ಮಾಡಿಸಿದ್ದರು. ಹದಿನೆಂಟು ತಿಂಗಳಾದ ಮೇಲೆ ದೂರು ಸುಳ್ಳೆಂದು ತೀರ್ಮಾನವಾಯಿತು. ಅವರು ಮತ್ತೆ ವೃತ್ತಿಗೆ ಬರಲಿಲ್ಲ. ಆ ಸುದ್ದಿ ಬಂದ ದಿನ ಗ್ಲೆನಿಸ್ ಕ್ಯಾಂಟೀನಿನಲ್ಲಿ ಕೂತು ಅತ್ತಿದ್ದಳು.

ಹಾಗಾಗಿ ಹೊಸ ಟೆಂಡರಿನಲ್ಲಿ ಅವಳು ಒಂದು ಪರೀಕ್ಷೆ ಇಟ್ಟಳು. ಕಲ್ಪಿತ ದೂರಿನ ಕಡತ ಕೊಟ್ಟು, ಎರಡು ಗಂಟೆಯಲ್ಲಿ ವಾದ ಬರೆಯಿರಿ ಎಂದಳು. ಲಂಡನ್ನಿನ ಹೆಸರಾಂತ ಸಂಸ್ಥೆ ವೈದ್ಯ ಅಪರಾಧಿಯೆಂದು ಹನ್ನೊಂದು ಪುಟ ಕೊರೆಯಿತು. ಪಕ್ಕದೂರು ಓಲ್ಡಮ್‌ನ ಪುಟ್ಟ ವಕೀಲರ ಕಚೇರಿಯವರು, ಆತ ಒಂಟಿಯಾಗಿ ರೋಗಿಗಳನ್ನು ನೋಡದಿದ್ದರೆ ಸಾಕೆಂದು ಒಂದೂವರೆ ಪುಟಕ್ಕೆ ಮುಗಿಸಿದರು. ಗ್ಲೆನಿಸ್ ಲಂಡನ್ನಿನವರಿಗೆ ಐದಕ್ಕೆ ಒಂದು ಅಂಕ ಕೊಟ್ಟಳು.

ನಮ್ಮ ಮುಖ್ಯಸ್ಥ ಕ್ರಿಸ್ಪಿನ್ ಹೋಲ್‌ರಾಯ್ಡ್‌ಗೆ ಅದು ನುಂಗಲಾರದ ತುತ್ತಾಯಿತು. ಅಂಕದ ಹಾಳೆ ಹಿಡಿದು ನಮ್ಮ ಕೋಣೆಗೇ ಬಂದ.

“ಇದನ್ನ ಮೂರು ಮಾಡಿ, ಗ್ಲೆನಿಸ್.”

“ಮಾಡೋಣ. ಅಂಕ ತಿದ್ದಿದ್ರೆ ಪಕ್ಕದಲ್ಲಿ ಕಾರಣ ಬರೀಬೇಕಲ್ಲ, ನೀವೇ ಬರೆದುಬಿಡಿ,” ಎಂದು ಪೆನ್ನು ಕೊಟ್ಟಳು.

ಅವನು ಬಹಳ ಹೊತ್ತು ಯೋಚಿಸಿ, ‘ಸಂಸ್ಥೆಗೆ ಒಳ್ಳೆಯ ಹೆಸರಿದೆ’ ಎಂದು ಬರೆದ. ಅವಳು ಓದಿ ತಲೆಯಾಡಿಸಿದಳು.

“ಹೋದ್ಸಲ ನಾನೂ ಇದನ್ನೇ ಬರೆದು ಆ ವಕೀಲರನ್ನ ಆರಿಸಿದ್ದೆ, ಕ್ರಿಸ್ಪಿನ್. ಪೆನ್ರಿತ್ ಅವರ ಕಡತದ ಜೊತೆ ಆ ಹಾಳೇನೂ ಇದೆ. ತರ್ಲಾ?”

ಕ್ರಿಸ್ಪಿನ್ ತಾನು ಬರೆದದ್ದನ್ನು ತಾನೇ ಹೊಡೆದುಹಾಕಿ, ಅವಳ ಒಂದು ಅಂಕದ ಕೆಳಗೆ ಸಹಿ ಮಾಡಿದ.

ಈಗ ಓಲ್ಡಮ್‌ನವರೇ ವಾದಿಸುತ್ತಾರೆ. ಅವರ ಮೊದಲ ಪ್ರಕರಣದ ವೈದ್ಯೆ ನಿರ್ಬಂಧ ಬಿದ್ದ ಮರುದಿನವೂ ಆಸ್ಪತ್ರೆಗೆ ಕೆಲಸಕ್ಕೆ ಹೋದಳು, ಹಿರಿಯ ವೈದ್ಯರೊಬ್ಬರು ಪಕ್ಕದಲ್ಲಿ ನಿಂತಿದ್ದರು.